ತೊಟ್ಟಿಲ ಬೊಂತೆಗೆ ಅಂಚು ಕಟ್ಟುವಾಗ

ನಮ್ಮ ದೊಡ್ಡಮಳೂರಿಗೆ ನಿಮ್ಮಲ್ಲಿ ಅನೇಕರು ಬಂದಿರಬಹುದು. ಚನ್ನಪಟ್ಟಣ ದಾಟಿ ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಮೂರು ಕಿಲೋಮೀಟರ್‌ನಷ್ಟು ಬಂದರೆ ಅಪ್ರಮೇಯಸ್ವಾಮಿಯ ಗುಡಿ. ಅಲ್ಲೇ ಅಂಬೆಗಾಲಿಡುವ ನವನೀತಕೃಷ್ಣನ ಸನ್ನಿಧಿ. ಪುರಂದರದಾಸರು ‘ಜಗದೋದ್ಧಾರನ’ ಹಾಡಿದ್ದು ಈ ಕೃಷ್ಣನನ್ನು ಕಂಡೇ ಎಂದು ಪ್ರತೀತಿ. ಮಕ್ಕಳ ಫಲ ಬೇಡುವವರು ಹರಕೆ ಹೊತ್ತು ಇಲ್ಲಿ ಪುಟ್ಟ ತೊಟ್ಟಿಲು ಒಪ್ಪಿಸುತ್ತಾರೆ. ಹರಕೆಯ ತೊಟ್ಟಿಲಿಗೆ ಹಾಸಿಗೆ ಬೇಡ. ಹರಕೆ ಫಲಿಸಿದ ಮೇಲೆ ಮನೆಯ ತೊಟ್ಟಿಲಿಗೆ ಬೇಕಲ್ಲ!

ಆಗ ನೆನಪಾಗುವುದು ಬೊಂತೆ. ಉತ್ತರ ಕರ್ನಾಟಕದ ಸೋದರಿಯರು ಇದನ್ನು ಕೌದಿ ಎನ್ನುತ್ತಾರೆ. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಪದರ ಮಾಡಿ, ಉದ್ದಕ್ಕೂ ಸಣ್ಣ ಸಣ್ಣ ಸಾಲು ಹೊಲಿಗೆ ಹಾಕಿದರೆ ಆಯ್ತು ಬೊಂತೆ. ಹೊಲಿಯುವುದೇನೂ ಬ್ರಹ್ಮವಿದ್ಯೆಯಲ್ಲ. ಎಡವುವುದೆಲ್ಲ ಕೊನೆಯಲ್ಲಿ, ಸುತ್ತಲೂ ಅಂಚು ಕಟ್ಟುವಾಗ. ನಾನೂ ಅಲ್ಲೇ ಎಡವಿದವಳು.

ಮಗಳ ಬಾಣಂತನಕ್ಕೆಂದು ನಮ್ಮಮ್ಮನ ಸೀರೆ ತೆಗೆದೆ. ಅಮ್ಮ ಹೋದ ಮೇಲೆ ಉಳಿದಿದ್ದ ಒಂದೇ ಕೈಮಗ್ಗದ ಸೀರೆ, ಉಟ್ಟು ಒಗೆದು ಹತ್ತಿಯಷ್ಟು ಮೆತ್ತಗಾದದ್ದು. ಅಂಚಿಗೆ ಪೇಟೆಯಿಂದ ಹೊಸ ಕೆಂಪು ಬಟ್ಟೆ ತಂದು, ತಂದ ದಿನವೇ ಕತ್ತರಿಸಿ ಹೊಲಿದುಬಿಟ್ಟೆ. ನೋಡಲು ಚೆಂದವೇ ಇತ್ತು. ಮೊದಲ ಸಲ ಒಗೆದು ಒಣಹಾಕಿದಾಗ ನಾಲ್ಕು ಕಡೆಯೂ ಒಳಕ್ಕೆ ಮುದುರಿ ಎದ್ದು ಕೂತಿತ್ತು. ನಮ್ಮತ್ತೆ ಒಮ್ಮೆ ನೋಡಿ, “ಅಲ್ವೇ, ಇದೇನು ಬೊಂತೆನೋ ಹಪ್ಪಳಾನೋ?” ಅಂದರು. ನಗು ಬರಲಿಲ್ಲ. ಕೆಂಪು ಬಟ್ಟೆ ಇನ್ನೊಂದು ಮೀಟರ್ ತರಬಹುದು, ಅಮ್ಮನ ಸೀರೆ ಎಲ್ಲಿಂದ ತರಲಿ?

ಹೀಗೇಕಾಯಿತು ಅಂತೀರಾ? ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದು ಭಾಗ ಕುಗ್ಗುವುದುಂಟು. 36 ಇಂಚಿನ ಪಟ್ಟಿ ಒಂದು ಇಂಚಿಗಿಂತ ಹೆಚ್ಚೇ ಗಿಡ್ಡವಾಗುತ್ತೆ. ಹಳೆಯ ಸೀರೆ ಕುಗ್ಗುವುದನ್ನೆಲ್ಲ ಎಂದೋ ಕುಗ್ಗಿ ಮುಗಿಸಿರುತ್ತೆ. ಗಿಡ್ಡವಾದ ಪಟ್ಟಿ ಬೊಂತೆಯನ್ನು ಚೀಲದ ಬಾಯಿಯ ಲಾಡಿಯಂತೆ ಸೇದಿ ಹಿಡಿಯುತ್ತೆ, ನಡುವೆ ಬಟ್ಟಲಾಗುತ್ತೆ. ಇದಕ್ಕೆ ತದ್ವಿರುದ್ಧದ ತಪ್ಪೂ ಉಂಟು. ಹೊಲಿಯುವಾಗ ಬೊಂತೆಯ ಅಂಚನ್ನು ಎಳೆದೆಳೆದು ಹಿಡಿದರೆ ಅದು ಉದ್ದವಾಗಿ, ಅಲೆ ಅಲೆಯಾಗಿ ಕುಣಿಯುತ್ತೆ. ನಿಮ್ಮ ಬೊಂತೆ ಬಟ್ಟಲಾಗಿದೆಯೋ ಅಲೆಯಾಗಿದೆಯೋ ಮೊದಲು ನೋಡಿಕೊಳ್ಳಿ. ಬಟ್ಟಲಾಗಿದ್ದರೆ ಪಟ್ಟಿ ಗಿಡ್ಡ, ಅಲೆಯಾಗಿದ್ದರೆ ಅಂಚು ಉದ್ದ.

ನಾನು ಒಂದು ಇಡೀ ಮಧ್ಯಾಹ್ನ ಕೂತು ಅಂಚನ್ನೆಲ್ಲ ಬಿಚ್ಚಿದೆ. ಬೊಂತೆಯನ್ನು ನೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆದು, ನಡುಮನೆಯಲ್ಲಿ ಚಾಪೆಯ ಮೇಲೆ ಹರಡಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸರಿ ಮಾಡಿದೆ. ಫ್ಯಾನ್ ಗಾಳಿಗೇ ಒಣಗಿತು. ಅರ್ಧ ಸೊಟ್ಟ ಇಲ್ಲೇ ಹೋಯಿತೆನ್ನಿ.

ಉಳಿದರ್ಧಕ್ಕೆ ಗಾರೆ ಮೇಸ್ತ್ರಿಯ ಉಪಾಯವೇ ಬೇಕಾಯಿತು. ಪಾಯ ತೆಗೆಯುವಾಗ ಅವರು ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಮಾಡಿ, ಎರಡು ಗುರುತಿಗೂ ನಡುವೆ ದಾರ ಹಿಡಿಯುತ್ತಾರೆ. ದಾರ ಐದಡಿ ಬಂದರೆ ಮೂಲೆ ಮಟ್ಟಕ್ಕಿದೆ ಎಂದರ್ಥ. ತೊಟ್ಟಿಲ ಬೊಂತೆಗೂ ಇದು ಹೇಳಿ ಮಾಡಿಸಿದ ಹಾಗಿದೆ. ಅಗಲ 27 ಇಂಚು, ಉದ್ದ 36 ಇಂಚು ಇಟ್ಟುಕೊಂಡರೆ ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ 45 ಇಂಚು ಬರಬೇಕು. ಬೇರೆ ಅಳತೆಯ ಬೊಂತೆಯಾದರೆ ಎದುರು ಬದುರು ಬದಿಗಳು ಸಮವಿದ್ದು, ಎರಡು ಓರೆ ಅಳತೆಗಳೂ ಒಂದೇ ಇದ್ದರೆ ಸಾಕು. ಟೇಪು ಹಿಡಿದು, ಸೀಮೆಸುಣ್ಣದಿಂದ ಗೆರೆ ಎಳೆದು, ಆಮೇಲೆ ಕತ್ತರಿ ಹಾಕಿ. ಸಾಲು ಹೊಲಿಗೆ ಮುಗಿಯುವ ಮೊದಲೇ ಅಳತೆಗೆ ಕತ್ತರಿಸಬೇಡಿ. ಹೊಲಿಗೆ ಹಾಕುತ್ತಾ ಹೋದ ಹಾಗೆ ಬಟ್ಟೆ ಒಳಕ್ಕೆ ಸೇದಿಕೊಳ್ಳುತ್ತೆ. ಮೊದಲೇ ಸುತ್ತ ಎರಡೆರಡು ಇಂಚು ಹೆಚ್ಚಿಗೆ ಬಿಟ್ಟಿರಬೇಕು. ನಾನು ಬಿಟ್ಟಿರಲಿಲ್ಲ. ಸೊಟ್ಟ ತೆಗೆದು ಕತ್ತರಿಸುವಷ್ಟರಲ್ಲಿ 29 ಇಂಚಿದ್ದ ಅಗಲ 27ಕ್ಕೆ ಇಳಿಯಿತು. ಆ ಎರಡಿಂಚಿನ ಚೂರುಗಳು ಇನ್ನೂ ನನ್ನ ಹೊಲಿಗೆ ಡಬ್ಬಿಯಲ್ಲಿವೆ.

ಇನ್ನು ಪಟ್ಟಿಯ ವಿಚಾರ. ಅರ್ಧ ಮೀಟರ್ ಹತ್ತಿ ಬಟ್ಟೆ ಧಾರಾಳ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಗೆದು, ಇಸ್ತ್ರಿ ಮಾಡಿ. ಕೆಂಪು, ಕಡುನೀಲಿ ಆದರೆ ಬಣ್ಣ ಬಿಡುವುದೂ ಆಗಲೇ ತಿಳಿಯುತ್ತೆ. ರವಿಕೆಯ ಕೊರಳಿಗೆ ಕ್ರಾಸ್ ಪೀಸು ಇಡುವ ಅಭ್ಯಾಸ ನಮಗೆಲ್ಲ ಇದೆ, ಕೈ ತಾನಾಗಿ ಬಟ್ಟೆಯನ್ನು ಓರೆಗೆ ಮಡಿಸುತ್ತೆ. ಇಲ್ಲಿ ಅದು ಬೇಡ. ಓರೆ ಪಟ್ಟಿ ಹಿಗ್ಗುತ್ತೆ, ದುಂಡು ಕೊರಳಿಗೆ ಅದೇ ಗುಣ, ನೇರ ಅಂಚಿಗೆ ಅದೇ ದೋಷ. ಎಳೆಯ ನೇರಕ್ಕೆ ಎರಡೂವರೆ ಇಂಚು ಅಗಲದ ಪಟ್ಟಿಗಳನ್ನು ಕತ್ತರಿಸಿ. ಸುತ್ತಳತೆ 126 ಇಂಚು, ಮೇಲೆ ಹನ್ನೆರಡು ಇಂಚು ಸೇರಿಸಿಕೊಳ್ಳಿ. ಪಟ್ಟಿಗೆ ಪಟ್ಟಿ ಜೋಡಿಸುವಾಗ ಮಾತ್ರ ಓರೆ ಹೊಲಿಗೆ ಇರಲಿ, ಗಂಟು ಒಂದೇ ಕಡೆ ದಪ್ಪವಾಗುವುದಿಲ್ಲ. ಆಮೇಲೆ ಇಡೀ ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಿಸಿ ಇಸ್ತ್ರಿ ಹಾಕಿ. ಜರಿ ಅಂಚು ಚೆಂದ ಕಾಣುತ್ತೆಂದು ಕೆಲವರು ಅದನ್ನೇ ಇಡುತ್ತಾರೆ. ಎಳೆ ಕೂಸಿನ ಕೆನ್ನೆಗೆ ಜರಿ ಗೀರುತ್ತೆ, ದಯವಿಟ್ಟು ಬೇಡ.

ಪಟ್ಟಿಯ ಉದ್ದವನ್ನು ಬೊಂತೆಯ ಅಂಚಿನ ಮೇಲೆ ಅಳೆಯಬಾರದು. ಅಂಚು ಈಗಾಗಲೇ ಹಿಗ್ಗಿರಬಹುದು, ಹಿಗ್ಗಿದ್ದಕ್ಕೆ ಅಳೆದು ಕೊಟ್ಟರೆ ಅಲೆ ಖಾಯಂ ಆಗುತ್ತೆ. ಬೊಂತೆಯ ನಟ್ಟನಡುವೆ ಟೇಪು ಇಟ್ಟು ಅಳೆಯಿರಿ. ಆ ಅಳತೆಯನ್ನು ಪಟ್ಟಿಯ ಮೇಲೆ ಗುರುತು ಮಾಡಿ, ಪಟ್ಟಿಯನ್ನೂ ಅಂಚನ್ನೂ ನಾಲ್ಕು ಸಮಭಾಗ ಮಾಡಿ, ಗುರುತಿಗೆ ಗುರುತು ಸೇರಿಸಿ ಗುಂಡುಪಿನ್ನು ಚುಚ್ಚಿ. ಪಟ್ಟಿಯ ತೆರೆದ ಅಂಚು ಬೊಂತೆಯ ಅಂಚಿಗೆ ಸಮ ಇರಬೇಕು, ಮಡಿಕೆ ಒಳಮುಖವಾಗಿರಬೇಕು. ಹೊಲಿಗೆ ಅಂಚಿನಿಂದ ಮೂರು ನೂಲು ಒಳಗೆ, ಅಂದರೆ ಅರ್ಧ ಇಂಚಿಗೆ ಒಂದು ನೂಲು ಕಡಿಮೆ. ಬಡಗಿಗಳ ಲೆಕ್ಕ ನಮಗೂ ಒದಗುತ್ತೆ ನೋಡಿ! ಶುರುವಿನಲ್ಲಿ ಪಟ್ಟಿಯ ಐದಾರು ಇಂಚು ಹೊಲಿಯದೆ ಬಾಲ ಬಿಟ್ಟಿರಿ, ಕೊನೆಗೆ ಎರಡೂ ತುದಿ ಸೇರಿಸಲು ಬೇಕು. ಮೆಷಿನ್ನಿನಲ್ಲಿ ಹೊಲಿಯುವವರು ಬೊಂತೆಯನ್ನು ಕೆಳಗೆ, ಪಟ್ಟಿಯನ್ನು ಮೇಲೆ ಇಡಿ. ಮೆಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನೇ ಬೇಗ ಮುಂದಕ್ಕೆ ತಳ್ಳುವುದರಿಂದ, ಬೊಂತೆಯ ಚೂರುಪಾರು ಸಡಿಲ ಅಲ್ಲೇ ಅಡಗುತ್ತೆ.

ಮೂಲೆ ಬಂತೆಂದರೆ ಕೈ ನಡುಗುತ್ತೆ, ಅಲ್ಲವೆ? ಅಂಚಿಗೆ ಮೂರು ನೂಲು ಇರುವಾಗಲೇ ನಿಲ್ಲಿಸಿ, ಒಂದೆರಡು ಹಿಮ್ಮುಖ ಹೊಲಿಗೆ ಹಾಕಿ ದಾರ ಕತ್ತರಿಸಿ. ಪಟ್ಟಿಯನ್ನು ಮೇಲಕ್ಕೆ, ಮುಂದಿನ ಬದಿಯ ನೇರಕ್ಕೆ ಎತ್ತಿ. ಮೂಲೆಯಲ್ಲಿ ಓರೆ ಮಡಿಕೆ ಬೀಳುತ್ತೆ. ಅದನ್ನು ಬೆರಳಿನಿಂದ ಒತ್ತಿ ಹಿಡಿದೇ ಪಟ್ಟಿಯನ್ನು ಮತ್ತೆ ಕೆಳಕ್ಕೆ ಇಳಿಸಿ, ಮೇಲಿನ ಮಡಿಕೆ ಬೊಂತೆಯ ಅಂಚಿಗೆ ಸಮ ನಿಲ್ಲಲಿ. ಅಂಚಿನಿಂದಲೇ ಹೊಲಿಗೆ ಮತ್ತೆ ಶುರು. ನಾಲ್ಕೂ ಮೂಲೆ ಹೀಗೇ. ಆಮೇಲೆ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಹಿಂಬದಿಯ ಮಡಿಕೆಯನ್ನು ಮುಂಬದಿಯ ಮಡಿಕೆಗೆ ಎದುರು ದಿಕ್ಕಿನಲ್ಲಿ ಹಾಕಿದರೆ ಮೂಲೆ ಗಡ್ಡೆ ಕಟ್ಟುವುದಿಲ್ಲ. ಮೊದಲು ಹಳೆ ಬಟ್ಟೆಯ ಮೇಲೆ ಒಂದು ಮೂಲೆ ಮಾಡಿ ನೋಡಿ. ನನಗೆ ಮೂರನೆಯದಕ್ಕೆ ಒಲಿಯಿತು.

ಈ ಅಂಚಿನ ತಾಪತ್ರಯವನ್ನೇ ತಪ್ಪಿಸಿದ ಜಾಣೆಯರೂ ನಮ್ಮ ನಾಡಿನಲ್ಲಿದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಒಂದು ಮೂಲೆಯಿಂದ ಶುರು ಮಾಡಿ, ಅಂಚು ಹಿಡಿದು ಸುತ್ತುತ್ತಾ ಒಳಗೊಳಗೆ ಬರುತ್ತಾರೆ. ಹೊಲಿಗೆ ಮುಗಿಯುವುದು ನಡುವಿನಲ್ಲಿ. ಅಂಚು ಮೊದಲೇ ಭದ್ರ! ಮೂಲೆಗಳಿಗೆ ಮುಕ್ಕೋನಾಗಿ ಮಡಿಸಿದ ಬಟ್ಟೆಯ ‘ಫೂಲ’, ಅಂದರೆ ಹೂವು. ಅದಿಲ್ಲದ ಕೌದಿ ಬೆತ್ತಲೆ ಎಂದು ಅವರ ಮಾತು.

ಕೂಸಿನ ಬೊಂತೆಯಾದ್ದರಿಂದ ಇನ್ನೆರಡು ಮಾತು. ಮುದುರಿ ಎದ್ದ ಅಂಚು ಮಗುವಿನ ಮುಖದ ಹತ್ತಿರ ಬರಬಾರದು. ವರ್ಷ ತುಂಬುವವರೆಗೂ ಮಲಗಿಸುವ ಜಾಗ ಬಿಗಿಯಾಗಿ, ಸಮತಟ್ಟಾಗಿ ಇರಬೇಕು, ದಪ್ಪ ಹೊದಿಕೆ ಹಾಕಬಾರದು ಎಂದು ವೈದ್ಯರು ಹೇಳುತ್ತಾರೆ. ಬೊಂತೆ ತೆಳ್ಳಗಿರಲಿ, ಮಗುವಿನ ಕೆಳಗೆ ಬಿಗಿಯಾಗಿ ಹಾಸಿದಂತಿರಲಿ. ಹಿಂಬದಿಯಲ್ಲಿ ಸಡಿಲ ದಾರದ ಕುಣಿಕೆ ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿ. ಕೂಸಿನ ಕಾಲ್ಬೆರಳಿಗೆ ದಾರ ಸುತ್ತಿಕೊಂಡರೆ ರಕ್ತ ಓಡಾಟವೇ ನಿಂತುಬಿಡುತ್ತೆ. ಕಾರಣವಿಲ್ಲದೆ ಅಳುವ ಮಗುವಿನ ಕಾಲನ್ನು ಒಮ್ಮೆ ನೋಡಬೇಕು ಅನ್ನುವುದು ಇದಕ್ಕೇ.

ಒಗೆದ ಮೇಲೆ ತಂತಿಗೆ ಮೂಲೆ ಹಿಡಿದು ನೇತು ಹಾಕಬೇಡಿ, ನೀರಿನ ಭಾರಕ್ಕೆ ಅಂಚು ಜಗ್ಗುತ್ತೆ. ಚಾಪೆಯ ಮೇಲೆ ಹರಡಿ. ಎರಡನೇ ಸಲ ಕಟ್ಟಿದ ಅಂಚಿನೊಂದಿಗೆ ಅಮ್ಮನ ಸೀರೆಯ ಬೊಂತೆಯನ್ನು ನಾನು ಒಗೆದು ಹಾಗೇ ಹರಡಿ, ಸಂಜೆ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದೆ. ಒಂದು ಕಡೆ 45, ಇನ್ನೊಂದು ಕಡೆ 45ಕ್ಕೆ ಒಂದು ನೂಲು ಕಡಿಮೆ. ಅತ್ತೆ ಬಂದು ಅಂಗೈಯಿಂದ ಒಮ್ಮೆ ಸವರಿ ನೋಡಿ, “ಹಾಸು, ಮಗೂಗೆ ನಿದ್ದೆ ಬಂದಿದೆ” ಅಂದರು.