ಆಷಾಢದ ಗಾಳಿಗೆ ತೆಪ್ಪ ಗಿರಕಿ ಹೊಡೆಯೋದ್ಯಾಕೆ? ಹುಟ್ಟು ಹಾಕುವ ಮುನ್ನ ಇದನ್ನು ಓದಿ

ತಿ.ನರಸೀಪುರ: ಆಷಾಢ ಬಂತೆಂದರೆ ನಂಜನಗೂಡು, ತಿ.ನರಸೀಪುರ ಭಾಗದಲ್ಲಿ ಗಾಳಿಯದ್ದೇ ಕಾರುಬಾರು. ಅಂಗಡಿ ಮುಂದಿನ ಫ್ಲೆಕ್ಸ್ ಕಿತ್ತು ಹಾಕುವ ಗಾಳಿ ಹೊಳೆಯಲ್ಲಿರುವ ತೆಪ್ಪವನ್ನು ಬಿಡುತ್ತಾ?

ತೆಪ್ಪ ದುಂಡಗಿರುತ್ತೆ, ತಳ ಚಪ್ಪಟೆ. ದೋಣಿಗಿರುವ ಚೂಪು ಮೂತಿ ಇದಕ್ಕಿಲ್ಲ. ನೀರಿನಲ್ಲಿ ಹಿಡಿತ ಕಮ್ಮಿ. ಬಿದಿರಿನದ್ದಾಗಲಿ, ಫೈಬರ್‌ನದ್ದಾಗಲಿ, ಗಾಳಿ ಬಡಿದರೆ ಗಿರಕಿ ಹೊಡೆಯುತ್ತೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಮುಂಗಾರು ಗಾಳಿ ಬೀಸೋದು ಕೇರಳದ ಕಡೆಯಿಂದ. ವಯನಾಡಿನಿಂದ ಬರುವ ಕಪಿಲೆಯೂ ಪೂರ್ವದತ್ತಲೇ ಹರಿದು ತಿ.ನರಸೀಪುರದಲ್ಲಿ ಕಾವೇರಿ ಸೇರುತ್ತಾಳೆ. ಗಾಳಿ, ಸೆಳವು ಎರಡೂ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ತಳ್ಳುತ್ತವೆ. ಕೆಳಕ್ಕೆ ಹೋಗೋದು ಸಲೀಸು, ವಾಪಸ್ ಬರುವಾಗ ರಟ್ಟೆ ಸೋಲುತ್ತೆ.

ಏನು ಮಾಡಬೇಕು?

* ಆಚೆ ದಡದಲ್ಲಿ ಮುಟ್ಟಬೇಕಾದ ಜಾಗಕ್ಕಿಂತ ಮೇಲಿನಿಂದಲೇ ಹೊರಡಿ.
* ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ನಿಮ್ಮತ್ತ ಎಳೆದುಕೊಳ್ಳಿ. ಒಂದೇ ಪಕ್ಕಕ್ಕೆ ಹಾಕಿದರೆ ತೆಪ್ಪ ಸುತ್ತುತ್ತೆ.
* ಯಾರೂ ಎದ್ದು ನಿಲ್ಲಬೇಡಿ. ನಿಂತವರ ಮೈಯೇ ಗಾಳಿಗೆ ಹಾಯಿ ಆಗುತ್ತೆ. ಸಾಮಾನು ನಡುವೆ ಇಡಿ, ಲೈಫ್ ಜಾಕೆಟ್ ಹಾಕಿಕೊಳ್ಳಿ.
* ಗಾಳಿ ಎಳೆದೊಯ್ದರೆ ಎದುರು ಗುದ್ದಾಡಬೇಡಿ. ಓರೆಯಾಗಿ ಸಾಗಿ ಹತ್ತಿರದ ದಡ ಹಿಡಿಯಿರಿ.

ಎಲ್ಲಕ್ಕಿಂತ ಮುಖ್ಯ, ಎಚ್.ಡಿ.ಕೋಟೆ ತಾಲ್ಲೂಕಿನ ಕಬಿನಿ ಜಲಾಶಯದ ಮಟ್ಟ ನೋಡಿಕೊಳ್ಳಿ. ಗರಿಷ್ಠ ಮಟ್ಟ 2,284 ಅಡಿ. ಅದರ ಹತ್ತಿರ ಬಂತೆಂದರೆ ಯಾವಾಗ ಬೇಕಾದರೂ ಹೊರಹರಿವು ಹೆಚ್ಚಬಹುದು. ನದಿಪಾತ್ರದವರಿಗೆ ಎಚ್ಚರಿಕೆ ಕೊಟ್ಟ ದಿನ ಎಂಥ ಪಳಗಿದ ಕೈಯಾದರೂ ನೀರಿಗಿಳಿಯಬಾರದು. ಸೇತುವೆ ಬಳಸಿ ಹೋದರೆ ತಡವಾಗುತ್ತೆ ಅಷ್ಟೇ, ಮನೆಗಂತೂ ಸೇರಬಹುದು.