ಹುರುಳಿ ಹೊಲದ ಮೇಲೊಂದು ಸೆಳೆವ

ಗುಂಡ್ಲುಪೇಟೆ ದಾಟಿ ಊಟಿಗೋ ಕೇರಳಕ್ಕೋ ಹೋಗುವವರು ಚೆಂಡುಹೂವು, ಸೂರ್ಯಕಾಂತಿ ಹೊಲ ಕಂಡಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವುದು ಜುಲೈ–ಆಗಸ್ಟ್ ತಿಂಗಳ ಮಾತು. ದಸರೆ ಹೊತ್ತಿಗೆ ಆ ಬಣ್ಣವೆಲ್ಲ ಮುಗಿದಿರುತ್ತದೆ. ಹಿಂಗಾರು ಕೈಕೊಡದಿದ್ದರೆ ಹುರುಳಿ ಹಬ್ಬುತ್ತಿರುತ್ತದೆ, ರಾಗಿ ತೆನೆ ಕಟ್ಟುತ್ತಿರುತ್ತದೆ, ಹೊಲದ ತುಂಬ ಮಿಡತೆ. ಆಗ ಅಲ್ಲಿ ಯಾರೂ ಕಾರು ನಿಲ್ಲಿಸುವುದಿಲ್ಲ. ಆದರೆ ಹಕ್ಕಿ ನೋಡುವವರ ಮಟ್ಟಿಗೆ ಚಾಮರಾಜನಗರ ಜಿಲ್ಲೆಯ ಸುಗ್ಗಿ ಶುರುವಾಗುವುದೇ ಆಗ.

ಆ ಹೊಲಗಳ ಮೇಲೆ ಕಾಯಬೇಕಾದ ಹಕ್ಕಿಯ ಹೆಸರು ಸೆಳೆವ, ಇಂಗ್ಲಿಷಿನಲ್ಲಿ ಹ್ಯಾರಿಯರ್. ಹೊಲದಲ್ಲಿ ಕೆಲಸ ಮಾಡುವವರ ಕಣ್ಣಿಗೆ ಅದೂ ಒಂದು ಹದ್ದು, ಇಲ್ಲವೇ ಗಿಡುಗ. ಸೆಳೆವ ಹದ್ದಿನಂತೆ ಎತ್ತರದಲ್ಲಿ ಸುತ್ತುವುದಿಲ್ಲ. ಪೈರಿನ ನೆತ್ತಿಗೆ ಮೈ ತಾಗಿತೇನೋ ಎನ್ನುವಷ್ಟು ತಗ್ಗಿನಲ್ಲಿ ರೆಕ್ಕೆ ಮೇಲೆತ್ತಿ ತೇಲುತ್ತದೆ. ನಾಲ್ಕು ಸಲ ರೆಕ್ಕೆ ಬಡಿದು ಮತ್ತೆ ತೇಲುತ್ತದೆ. ಇದ್ದಕ್ಕಿದ್ದಂತೆ ಮೈ ತಿರುಚಿ ಕಾಲು ಚಾಚಿ ಪೈರೊಳಗೆ ಬೀಳುತ್ತದೆ. ಎದ್ದಾಗ ಕಾಲಲ್ಲಿ ಮಿಡತೆಯೋ ಇಲಿಯೋ ಇರುತ್ತದೆ, ಬಹಳ ಸಲ ಏನೂ ಇರುವುದಿಲ್ಲ. ಅದರ ಮುಖ ಗೂಬೆಯ ಮುಖದಂತೆ ದುಂಡಗೆ. ಹುಲ್ಲೊಳಗಿನ ಸರಸರ ಸದ್ದನ್ನು ಕಿವಿಗೆ ಒಯ್ಯುವಂತೆ ಅಲ್ಲಿನ ಗರಿಗಳು ಜೋಡಣೆಗೊಂಡಿವೆ. ಬೇಟೆಗೆ ಅದು ಕಣ್ಣಿನ ಜೊತೆಗೆ ಕಿವಿಯನ್ನೂ ನಂಬುತ್ತದೆ.

ಕರ್ನಾಟಕದ ಬಯಲಿಗೆ ಚಳಿಗಾಲಕ್ಕೆ ಬರುವ ಸೆಳೆವಗಳಲ್ಲಿ ಎರಡನ್ನು ಬೇರ್ಪಡಿಸುವುದು ಅನುಭವಿಗಳಿಗೂ ತಲೆನೋವು. ಮಾಂಟೆಗ್ಯೂ ಹ್ಯಾರಿಯರ್, ಪ್ಯಾಲಿಡ್ ಹ್ಯಾರಿಯರ್ ಎರಡೂ ಮಧ್ಯ ಏಷ್ಯಾದ ಹುಲ್ಲುಬಯಲಲ್ಲಿ, ಮುಖ್ಯವಾಗಿ ಕಜಕಸ್ತಾನದ ಕಡೆ, ಮರಿ ಮಾಡಿ ಇತ್ತ ಬರುತ್ತವೆ. ಬೆಳೆದ ಗಂಡುಗಳಾದರೆ ಸಲೀಸು. ಮಾಂಟೆಗ್ಯೂ ಬೂದು ಬಣ್ಣ, ರೆಕ್ಕೆಯ ಮೇಲೆ ಅಡ್ಡಲಾಗಿ ಒಂದು ಕಪ್ಪು ಗೀಟು. ಪ್ಯಾಲಿಡ್ ಬಿಳಿಚಿಕೊಂಡ ಬೂದು, ರೆಕ್ಕೆಯ ತುದಿಯಲ್ಲಷ್ಟೇ ಕಿರಿದಾದ ಕಪ್ಪು ಮೊಳೆ. ಹೆಣ್ಣು ಮತ್ತು ಮರಿಹಕ್ಕಿಗಳು ಮಾತ್ರ ಎರಡರಲ್ಲೂ ಕಂದು, ಸೊಂಟದ ಮೇಲೆ ಬಿಳಿ ಪಟ್ಟಿ. ಆಗ ನೋಡಬೇಕಾದ್ದು ಕೆನ್ನೆ. ಕಿವಿಯ ಬಳಿಯ ಕಪ್ಪು ಮಚ್ಚೆಯ ಹಿಂದೆ ಕೊರಳನ್ನು ಬಳಸಿದ ಮಾಸಲು ಪಟ್ಟಿಯಿದ್ದರೆ ಪ್ಯಾಲಿಡ್. ಪಟ್ಟಿಯಿಲ್ಲದೆ ಕಣ್ಣಿನ ಮೇಲೆ ಕೆಳಗೆ ಬಿಳಿ ಅಗಲವಾಗಿದ್ದರೆ ಮಾಂಟೆಗ್ಯೂ. ಸಂಜೆ ಬಿಸಿಲಲ್ಲಿ, ನೂರು ಗಜ ದೂರದಲ್ಲಿ, ಹಾರುವ ಹಕ್ಕಿಯ ಕೆನ್ನೆ ನೋಡುವುದೆಂದರೆ ಎಷ್ಟರ ಮಾತು! ಹಾಗಾಗಿ ಎಷ್ಟೋ ಟಿಪ್ಪಣಿಪುಸ್ತಕಗಳಲ್ಲಿ 'ಯಾವುದೋ ಒಂದು ಹ್ಯಾರಿಯರ್' ಎಂದಷ್ಟೇ ಉಳಿದಿರುತ್ತದೆ. ಹಾಗೆ ಬರೆದವರೇ ನಂಬಿಕೆಗೆ ಹೆಚ್ಚು ಅರ್ಹರು.

ಸೆಳೆವ ರಾತ್ರಿ ಕಳೆಯುವುದು ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ, ಗುಂಪಿನಲ್ಲಿ. ಗುಜರಾತಿನ ವೆಲವದರ್ ಹುಲ್ಲುಗಾವಲಿನ ತಂಗುದಾಣ ಜಗತ್ತಿನಲ್ಲೇ ಅತಿ ದೊಡ್ಡದೆಂದು ಹೆಸರಾದದ್ದು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ದೇಶದ ಹಲವೆಡೆ ಇಂಥ ತಂಗುದಾಣಗಳನ್ನು ಹುಡುಕಿ ಎಣಿಸುತ್ತ ಬಂದಿದ್ದಾರೆ. ಹುಲ್ಲುಗಾವಲು ಸರ್ಕಾರಿ ಕಡತದಲ್ಲಿ ಪಾಳುಭೂಮಿ ಎಂದು ದಾಖಲಾಗುವ ದೇಶ ನಮ್ಮದು. ಅಲ್ಲಿ ನೀಲಗಿರಿ ನೆಟ್ಟರೂ ಸೋಲಾರ್ ಫಲಕ ಹಾಸಿದರೂ ಕೇಳುವವರಿಲ್ಲ. ಹೊಲದಲ್ಲಿ ಮಿಡತೆ ಎಷ್ಟಿದ್ದರೇನು, ರಾತ್ರಿ ಮಲಗಲು ಜಾಗವಿಲ್ಲದಿದ್ದರೆ ಸೆಳೆವ ಆ ಸೀಮೆಗೆ ಬರುವುದನ್ನೇ ಬಿಡುತ್ತದೆ.

ಚಾಮರಾಜನಗರಕ್ಕೆ ಕಡಲಿಲ್ಲ. ಬಿರುಗಾಳಿಗೆ ಸಿಕ್ಕು ದಾರಿ ತಪ್ಪಿದ ಕಡಲಹಕ್ಕಿ ದಡಕ್ಕೆ ಬಂದು ಬಿದ್ದಿತೆಂದು ಕರಾವಳಿಯವರು ಸಂಭ್ರಮಿಸುವ ಹಾಗೆ ಇಲ್ಲಿನವರು ಸಂಭ್ರಮಿಸುವಂತಿಲ್ಲ. ಇಲ್ಲಿನ ಬಂಡವಾಳವೇ ಬೇರೆ. 1997ರಲ್ಲಿ ಮೈಸೂರಿನಿಂದ ಬೇರೆಯಾದ ಈ ಜಿಲ್ಲೆ ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟ ಕೈಕೈ ಹಿಡಿಯುವ ಜಾಗದಲ್ಲಿದೆ. ಬಿಳಿಗಿರಿರಂಗನ ಬೆಟ್ಟವೇ ಆ ಸೇತುವೆ. ತೆಂಕಣಕ್ಕೆ ಮೋಯಾರ್ ಕಣಿವೆ, ಅದರಾಚೆ ನೀಲಗಿರಿ. ನಡುವೆ ಮಳೆನೆರಳಿನ ಕೆಂಪುನೆಲ, ಕುರುಚಲು ಕಾಡು, ಊರಿಗೊಂದು ಕೆರೆ. 1,450 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಮಂಜಿಗೆ ಮೈ ನಡುಗುವಾಗ ಕೆಳಗೆ ಗುಂಡ್ಲುಪೇಟೆ ಬಯಲಲ್ಲಿ ಬಿಸಿಲು ಚುರುಗುಟ್ಟುತ್ತಿರುತ್ತದೆ. ಒಂದೇ ಬೆಳಗಿನಲ್ಲಿ ಬೆಟ್ಟದ ಹಕ್ಕಿ, ಬಯಲಿನ ಹಕ್ಕಿ, ನೀರಹಕ್ಕಿ ಮೂರನ್ನೂ ನೋಡಬಹುದಾದ ಜಿಲ್ಲೆಗಳು ರಾಜ್ಯದಲ್ಲಿ ಹೆಚ್ಚಿಲ್ಲ.

ವಲಸೆ ಶುರುವಾಗುವುದು ಜನ ಅಂದುಕೊಂಡದ್ದಕ್ಕಿಂತ ಬೇಗ. ಆಗಸ್ಟ್ ಮುಗಿಯುವ ಮುನ್ನವೇ ಕೆರೆಯಂಚಿನಲ್ಲಿ ಗದ್ದೆಗೊರವಗಳು ಓಡಾಡುತ್ತಿರುತ್ತವೆ. ಸೆಪ್ಟೆಂಬರಿನಲ್ಲಿ ಬೆಟ್ಟದ ಹಳ್ಳಗಳ ಕಲ್ಲಿನ ಮೇಲೆ ಬಾಲ ಕುಣಿಸುತ್ತ ಬೂದು ಸಿಪಿಲೆ ಹಾಜರು. ನವೆಂಬರ್ ಹೊತ್ತಿಗೆ ಕಾಶ್ಮೀರದ ನೊಣಹಿಡುಕ ನೀಲಗಿರಿಗೂ ಶ್ರೀಲಂಕಾಕ್ಕೂ ಹೋಗಿ ಸೇರಿರುತ್ತದೆ. ಜಗತ್ತಿನಲ್ಲೇ ಸಂಖ್ಯೆ ಕಡಿಮೆಯಿರುವ ಈ ಪುಟ್ಟ ಹಕ್ಕಿಯ ಗಂಡನ್ನು ಗುರುತಿಸುವುದು ಕೆಂಪು ಕೊರಳಿನ ಅಂಚಿಗಿರುವ ಕಪ್ಪು ಗೆರೆಯಿಂದ. ನೀಲಗಿರಿಗೆ ಬರುವ ಹಕ್ಕಿ ಬಂಡೀಪುರದ ನೆತ್ತಿಯ ಮೇಲೋ ಪಕ್ಕದಲ್ಲೋ ಹಾದು ಹೋಗಿರಬಹುದು.

ಕಾಡಿಗೆ ಹೋಗದವರಿಗೂ ಮನೆಬಾಗಿಲಲ್ಲೇ ಸಿಗುವ ಅತಿಥಿ ನವರಂಗ. ಮಧ್ಯ ಭಾರತ ಮತ್ತು ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ದಕ್ಷಿಣಕ್ಕೆ ಇಳಿಯುತ್ತದೆ. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಕಣ್ಣಿಗೆ ಕಪ್ಪು ಪಟ್ಟಿ, ಬಾಲದಡಿ ಕಡುಗೆಂಪು. ಬಾಲವಂತೂ ಇದ್ದೂ ಇಲ್ಲದಂತೆ. ಪಯಣವೆಲ್ಲ ರಾತ್ರಿಯೇ. ಬೆಳಗಾಗುವಷ್ಟರಲ್ಲಿ ಸುಸ್ತಾಗಿ ಎಲ್ಲಿ ಗಿಡಮರ ಕಂಡಿತೋ ಅಲ್ಲಿ ಇಳಿದುಬಿಡುತ್ತದೆ. ಹಿತ್ತಿಲು, ಶಾಲೆಯ ಅಂಗಳ, ಆಸ್ಪತ್ರೆ ಕಾಂಪೌಂಡು ಯಾವುದಾದರೂ ಸರಿ. ಕಿಟಕಿ ಗಾಜಿಗೆ ಬಡಿದು ಬೀಳುವುದೂ ಉಂಟು. ಹಾಗೆ ಬಿದ್ದ ಹಕ್ಕಿಗೆ ಬಾಯಿಗೆ ನೀರು ಹಾಕಬಾರದು. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲೆ ಮಾಡಿ ಒಂದೆರಡು ಗಂಟೆ ಬಿಟ್ಟರೆ ಬಹಳಷ್ಟು ಸಲ ತಾನೇ ಚೇತರಿಸಿಕೊಂಡು ಹಾರಿಹೋಗುತ್ತದೆ. ನೆಲೆ ನಿಂತ ಮೇಲೆ ಮುಂಜಾನೆ ಮತ್ತು ಮುಸ್ಸಂಜೆ ಎರಡು ಎಳೆಯ ಶಿಳ್ಳೆ ಹಾಕುವುದು ಅದರ ರೂಢಿ. ಗಡಿಯಾಚೆಯ ತಮಿಳರು ಅದನ್ನು 'ಆರು ಗಂಟೆ ಗುಬ್ಬಿ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ನೀರಹಕ್ಕಿಗಳ ಕಥೆಯಲ್ಲಿ ಈಚೆಗೆ ಒಂದು ತಿರುವು ಬಂದಿದೆ. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಕೆರೆಗಳು ವರ್ಷಗಟ್ಟಲೆ ಒಣಗಿ ಬಿದ್ದಿದ್ದವು. ಆಲಂಬೂರು, ಹುತ್ತೂರು ಏತ ನೀರಾವರಿ ಯೋಜನೆಗಳಿಂದ ಕಬಿನಿಯ ನೀರು ಬಂದ ಮೇಲೆ ಎಷ್ಟೋ ಕೆರೆಗಳಿಗೆ ಮರುಜೀವ ಬಂತು. ಅಂತರ್ಜಲಕ್ಕೆ, ರೈತರಿಗೆ ಇದರಿಂದ ಒಳ್ಳೆಯದೇ ಆಯಿತು. ಹಕ್ಕಿಗಳ ಲೆಕ್ಕ ಮಾತ್ರ ಅಷ್ಟು ಸರಳವಲ್ಲ. ಸೂಜಿಬಾಲದ ಬಾತು, ಚಲಕದ ಬಾತುಗಳಿಗೆ ತಗ್ಗು ನೀರು ಬೇಕು. ಗೊರವಗಳಿಗಂತೂ ನೀರು ಹಿಂದೆ ಸರಿದು ಕೆಸರು ಬಯಲಾಗಬೇಕು, ಹುಳುಹುಪ್ಪಟೆ ಇರುವುದೇ ಅಲ್ಲಿ. ದಂಡೆಗೆ ಕಲ್ಲು ಕಟ್ಟಿ ಅಂಚಿನವರೆಗೆ ನೀರು ತುಂಬಿದ ಕೆರೆ ನೋಡಲು ಚೆಂದ, ಗೊರವಕ್ಕೆ ಮಾತ್ರ ಕಾಲಿಡಲು ಜಾಗವಿಲ್ಲ. ಹಿಂದೆ ಮಳೆಗೆ ತುಂಬಿ ಬೇಸಿಗೆಯತ್ತ ಮೆಲ್ಲಗೆ ಇಂಗುತ್ತಿದ್ದ ಕೆರೆ ವಾರಕ್ಕೊಂದು ಬಗೆಯ ಹಕ್ಕಿಗೆ ಊಟ ಬಡಿಸುತ್ತಿತ್ತು. ಕೆರೆ ತುಂಬಿಸುವವರು ಈ ಮಾತನ್ನೂ ಒಂದಿಷ್ಟು ಕಿವಿಗೆ ಹಾಕಿಕೊಂಡರೆ ನಷ್ಟವೇನಿಲ್ಲ.

ಈ ಸೀಮೆಯ ನೀರಹಕ್ಕಿಗಳಲ್ಲಿ ದೊಡ್ಡ ಹೆಸರು ಪಟ್ಟೆತಲೆ ಹೆಬ್ಬಾತಿನದು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಅಡ್ಡಪಟ್ಟೆ, ಮೈ ಬೂದು. ನವೆಂಬರ್ ಕೊನೆ, ಡಿಸೆಂಬರಿಗೆ ಬಂದಿಳಿಯುತ್ತದೆ. ಪಕ್ಕದ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಇದರ ಹಳೆಯ ಬಿಡಾರ. ಹಗಲೆಲ್ಲ ಕೆರೆಯಲ್ಲಿ ತೂಕಡಿಸಿ, ಕತ್ತಲಾದ ಮೇಲೆ ಗದ್ದೆಗಿಳಿದು ಮೇಯುತ್ತದೆ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಅಕ್ಷರ, ಅಂಕಿಯನ್ನು ದುರ್ಬೀನಿನಲ್ಲಿ ಓದಿದರೆ ಹಕ್ಕಿ ಹೊರಟ ಊರು ತಿಳಿಯುತ್ತದೆ. ನಡುವೆ ಹಿಮಾಲಯ ಅಡ್ಡ ಇದೆ. ಉಪಗ್ರಹ ಟ್ಯಾಗ್ ಕಟ್ಟಿ ಅಳೆದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರ ಮುಟ್ಟಿತ್ತು. ಆದರೆ ಅದು ಅಪವಾದ. ಹೆಚ್ಚಿನವು 5,500 ಮೀಟರ್ ಒಳಗೇ, ಕಣಿವೆಗಳ ಏರಿಳಿತವನ್ನೇ ಹಿಡಿದು ಹಾರಿದ್ದವು. ಎವರೆಸ್ಟ್ ಮೇಲೆ ಹಾರುವ ಬಾತು ಎಂದು ಶಾಲೆಯಲ್ಲಿ ಹೇಳಿಕೊಡುವುದು ಸ್ವಲ್ಪ ಉತ್ಪ್ರೇಕ್ಷೆಯೇ.

ಇಲ್ಲಿ ನಿಲ್ಲದೆ ಹಾದುಹೋಗುವವರೂ ಇದ್ದಾರೆ. ಸೈಬೀರಿಯಾ, ಉತ್ತರ ಚೀನಾದ ಅಮೂರ್ ಚಾಣ ಚಳಿಗಾಲ ಕಳೆಯಲು ಹೋಗುವುದು ಆಫ್ರಿಕಾದ ದಕ್ಷಿಣಕ್ಕೆ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಅವನ್ನು ಬಲೆ ಹಾಕಿ ರಾಶಿರಾಶಿ ಕೊಲ್ಲುತ್ತಿದ್ದುದು 2012ರಲ್ಲಿ ಬಯಲಾಯಿತು, ಮರುವರ್ಷವೇ ಊರಿನವರು ಬೇಟೆ ನಿಲ್ಲಿಸಿದರು. ಅಲ್ಲಿಂದ ಹೊರಟವು ಪರ್ಯಾಯ ದ್ವೀಪವನ್ನು ಅಡ್ಡ ಹಾಯ್ದು ಅರಬ್ಬೀ ಸಮುದ್ರದ ಮೇಲೆ ಎಲ್ಲೂ ನಿಲ್ಲದೆ ಸುಮಾರು 3,000 ಕಿ.ಮೀ. ಹಾರುತ್ತವೆ. ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೊಡತಿಹುಳಗಳಲ್ಲಿ ಒಂದು ಜಾತಿ ಅದೇ ಹೊತ್ತಿಗೆ ಅದೇ ಗಾಳಿ ಹಿಡಿದು ಕಡಲು ದಾಟುತ್ತದೆ, ಚಾಣಗಳಿಗೆ ದಾರಿಯ ಬುತ್ತಿ ಅದೇ ಎಂಬ ವಾದವೂ ಇದೆ. ದಕ್ಷಿಣ ಕರ್ನಾಟಕದ ಬಯಲುಗಳಲ್ಲಿ ನವೆಂಬರ್ ಆಸುಪಾಸಿನಲ್ಲಿ ಆಗೊಮ್ಮೆ ಈಗೊಮ್ಮೆ ಈ ಚಾಣ ಕಂಡದ್ದುಂಟು. ಎರಡು ದಿನ ತಂತಿಯ ಮೇಲೆ ಕೂತು ಹೋಗಿಬಿಟ್ಟರೆ ಮುಗಿಯಿತು, ಮತ್ತೆ ಮುಂದಿನ ವರ್ಷವೇ.

ಇವೆಲ್ಲ ದೂರದಿಂದ ಬರುವುದರಿಂದ ಅಪರೂಪ. ರಣಹದ್ದು ಹಾಗಲ್ಲ, ಕಣ್ಣೆದುರೇ ಅಪರೂಪವಾಯಿತು. ಐವತ್ತು ದಾಟಿದ ಯಾವ ರೈತನನ್ನು ಕೇಳಿದರೂ ಊರಾಚೆ ಎಸೆದ ದನದ ಮೇಲೆ ಮುಗಿಬೀಳುತ್ತಿದ್ದ ಹಿಂಡಿನ ನೆನಪಿರುತ್ತದೆ. ದನಕ್ಕೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಸತ್ತ ಮೈಯಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನೇ ಕೊಲ್ಲುತ್ತಿತ್ತು. ಪಶುಗಳಿಗೆ ಆ ಔಷಧ ಬಳಸುವುದನ್ನು 2006ರಲ್ಲಿ ನಿಷೇಧಿಸಿದರು. ಅದರ ಜಾಗಕ್ಕೆ ಬಂದ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್‌ಗಳಿಗೂ 2023ರಲ್ಲಿ ತಡೆ ಬಿತ್ತು. ಬಂಡೀಪುರ, ಮುದುಮಲೈ, ಸತ್ಯಮಂಗಲ, ವಯನಾಡು ಸೇರಿದ ಕಾಡು ದಕ್ಷಿಣ ಭಾರತದ ರಣಹದ್ದುಗಳ ದೊಡ್ಡ ಆಸರೆ. 2023ರ ಡಿಸೆಂಬರಿನಲ್ಲಿ ಕರ್ನಾಟಕ, ತಮಿಳುನಾಡು, ಕೇರಳ ಒಟ್ಟಾಗಿ ಎಣಿಸಿದಾಗ ಸಿಕ್ಕವು 320. ಅವುಗಳಲ್ಲಿ 217 ಬಿಳಿಬೆನ್ನಿನವು, 50 ಕೆಂಪುತಲೆಯವು, 47 ಉದ್ದಕೊಕ್ಕಿನವು, 4 ಬಿಳಿ ರಣಹದ್ದು. ಮಿಕ್ಕ ಎರಡರಲ್ಲಿ ಒಂದು ಸಿನೆರಿಯಸ್ ರಣಹದ್ದು, ಇನ್ನೊಂದು ಹಿಮಾಲಯದ ರಣಹದ್ದು. ಹಿಮಾಲಯದ ಈ ದೈತ್ಯನ ಎಳೆಯ ಹಕ್ಕಿಗಳು ಚಳಿಗಾಲದಲ್ಲಿ ಅಲೆಯುತ್ತ ದೂರ ಬರುವುದುಂಟು, ಆದರೆ ಮೋಯಾರ್ ಸೀಮೆಯವರೆಗೆ ಬರುವವು ಬೆರಳೆಣಿಕೆಯವು.

ಇಂಥ ಸುದ್ದಿಯನ್ನು ನಂಬುವುದು ಹೇಗೆ? ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಕೋವಿಯೇ ಸಾಕ್ಷಿ. ಹೊಡೆದ ಹಕ್ಕಿಯ ಚರ್ಮ ಮುಂಬೈಯ ಸಂಗ್ರಹಾಲಯ ಸೇರುತ್ತಿತ್ತು. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿ ಎಸ್ಟೇಟಿನ ಕಾಫಿ ಬೆಳೆಗಾರ ಆರ್.ಸಿ. ಮಾರಿಸ್ ಈ ಕಾಡಿನ ಪ್ರಾಣಿಪಕ್ಷಿಗಳ ಬಗ್ಗೆ ಮುಂಬೈ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬರೆಯುತ್ತಿದ್ದವರು. ಇವರೆಲ್ಲರಿಗಿಂತ ಮೊದಲಿನಿಂದ ಕಾಡು ಬಲ್ಲವರು ಸೋಲಿಗರು. ಅವರ ಪಕ್ಷಿಜ್ಞಾನವನ್ನು ಸಮೀರಾ ಅಗ್ನಿಹೋತ್ರಿ ಮತ್ತು ಔಂಗ್ ಸಿ ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ್ದಾರೆ. ಕೂಗಿನಿಂದಲೇ ಹಕ್ಕಿಯನ್ನು ಹೆಸರಿಸಬಲ್ಲವರಿಗೆ ದುರ್ಬೀನು ಎರಡನೆಯ ಮಾತು.

ಇವತ್ತಿನ ಸಾಕ್ಷಿ ಮೊಬೈಲಿನಲ್ಲಿದೆ. ವಲಸೆ ಹಕ್ಕಿ ಯಾವ ದಿನ ಬಂತೆಂದು ಜನರಿಂದಲೇ ಬರೆಸುವ 'ಮೈಗ್ರಂಟ್‌ವಾಚ್' 2007ರಲ್ಲಿ ಬೆಂಗಳೂರಿನಿಂದ ಶುರುವಾಯಿತು. ಈಗ ಹೆಚ್ಚಿನವರು ಬರೆಯುವುದು ಇ-ಬರ್ಡ್ ಆ್ಯಪ್‌ನಲ್ಲಿ. ಅಲ್ಲಿ ಅಪರೂಪದ ಹಕ್ಕಿಯ ಹೆಸರು ಹಾಕಿದರೆ ಸುಮ್ಮನೆ ಬಿಡುವುದಿಲ್ಲ. ಆ ಭಾಗದ ಪರಿಶೀಲಕರು ಫೋಟೊ ಕೇಳುತ್ತಾರೆ, ಇಲ್ಲದಿದ್ದರೆ ಕಂಡದ್ದನ್ನು ವಿವರವಾಗಿ ಬರೆಯಿರಿ ಎನ್ನುತ್ತಾರೆ. ಕೆಲವರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳುವಂಥದ್ದೇನೂ ಅದರಲ್ಲಿಲ್ಲ, ಸೆಳೆವದ ಕೆನ್ನೆಯನ್ನು ಸರಿಯಾಗಿ ನೋಡಿದಿರಾ ಎಂಬುದಷ್ಟೇ ಪ್ರಶ್ನೆ.

ತೊಡಕಿರುವುದು ಬೇರೆ ಕಡೆ. ಕ್ಯಾಮೆರಾ ಹೊತ್ತವರೆಲ್ಲ ಗುಂಡ್ಲುಪೇಟೆಯಲ್ಲಿ ಕಾಫಿ ಕುಡಿದು ನೆಟ್ಟಗೆ ಬಂಡೀಪುರದ ಸಫಾರಿಗೆ ಹೋಗುತ್ತಾರೆ, ಇಲ್ಲವೇ ಬಿಳಿಗಿರಿರಂಗನ ಬೆಟ್ಟದ ಕೆ.ಗುಡಿಗೆ. ಹುಲಿ ಕಂಡರೆ ಜನ್ಮ ಸಾರ್ಥಕ, ಹಕ್ಕಿ ಆಮೇಲೆ. ಹಾಗಾಗಿ ಕಾಡಿನ ಪಟ್ಟಿ ಬೆಳೆಯುತ್ತಲೇ ಇದೆ, ತೆರಕಣಾಂಬಿ ಸುತ್ತಿನ ಹೊಲ, ಹನೂರು ಕಡೆಯ ಕುರುಚಲು ಗುಡ್ಡಗಳ ಪಟ್ಟಿ ತೆಳ್ಳಗೇ ಉಳಿಯುತ್ತದೆ. ಹನೂರಿನ ಕಡೆ ಕಾವೇರಿ ವನ್ಯಧಾಮಕ್ಕೆ ಸೇರಿದ ಮುಳ್ಳುಕಾಡಿದೆ. ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಬಿಳಿಕತ್ತಿನ ಚೇಕಡಿ ಕಛ್–ರಾಜಸ್ಥಾನದಲ್ಲೊಂದು ಕಡೆ, ಸಾವಿರಾರು ಕಿಲೋಮೀಟರ್ ದಕ್ಷಿಣಕ್ಕೆ ಕಾವೇರಿ ಕಣಿವೆಯ ಇಂಥ ಮುಳ್ಳುಕಾಡಿನಲ್ಲೊಂದು ಕಡೆ ಹಂಚಿಹೋಗಿರುವ ಹಕ್ಕಿ. ಮರಕುಟಿಗ ಕೊರೆದುಬಿಟ್ಟ ಪೊಟರೆಯೇ ಅದಕ್ಕೆ ಗೂಡು. ಬಂಡೆಗುಡ್ಡಗಳಲ್ಲಷ್ಟೇ ಇರುವ ಹಳದಿ ಕೊರಳಿನ ಪಿಕಳಾರವೂ ಮಲೆ ಮಹದೇಶ್ವರ ಬೆಟ್ಟದ ಈ ಸೀಮೆಗೆ ಸೇರಿದ್ದು. ಎರಡೂ ವಲಸೆ ಹೋಗುವವಲ್ಲ, ವರ್ಷವಿಡೀ ಇಲ್ಲೇ. ನೋಡುವವರೇ ಅಪರೂಪ.

ಪ್ರತಿ ಅಕ್ಟೋಬರಿನಲ್ಲಿ ಇ-ಬರ್ಡ್‌ನವರು ಒಂದು ದಿನ ಗೊತ್ತುಮಾಡಿ ಜಗತ್ತಿನಾದ್ಯಂತ ಹಕ್ಕಿ ಎಣಿಸುತ್ತಾರೆ. ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ಕಾಲು ಗಂಟೆ ನಿಂತು ಕಂಡದ್ದನ್ನೆಲ್ಲ ಬರೆದರೂ ಅದು ಲೆಕ್ಕಕ್ಕೆ ಸೇರುತ್ತದೆ. ಕಾಗೆ, ಗೊರವಂಕ, ಬೆಳ್ಳಕ್ಕಿಯನ್ನೂ ಬಿಡಬಾರದು. ಜಾಗ, ಹೊತ್ತು ಕಡ್ಡಾಯ, ಎಷ್ಟು ಹಕ್ಕಿ ಎಂಬುದನ್ನೂ ಬರೆದರೆ ಒಳ್ಳೆಯದು. ಗೂಡು ಕಂಡರೆ ಜಾಗ ಬಯಲು ಮಾಡದಿರುವುದು ರಿವಾಜು. ಈ ವರ್ಷ ಆ ದಿನ ಬಂದಾಗ ಗುಂಡ್ಲುಪೇಟೆಯ ಹುರುಳಿ ಹೊಲಗಳಿಂದ ಎಷ್ಟು ಪಟ್ಟಿ ಬರುತ್ತವೋ, ಅವುಗಳಲ್ಲಿ ಎಷ್ಟು ಸೆಳೆವಗಳಿಗೆ ಕೆನ್ನೆಯ ಪಟ್ಟಿ ನೋಡಿ ಹೆಸರಿಟ್ಟಿರುತ್ತಾರೋ, ಪರಿಶೀಲಕರಿಗೆ ಆ ವಾರವೇ ತಿಳಿಯುತ್ತದೆ.