ಗೆಲಾಕ್ಸಿ ಸಮೀಕ್ಷೆ ಮತ್ತು ಸಂಖ್ಯಾಶಾಸ್ತ್ರ: ಜೋಡಿ ಎಣಿಕೆಯ ಆಚೆಗೆ

ಗೆಲಾಕ್ಸಿಗಳು ವಿಶ್ವದಲ್ಲಿ ಸಮವಾಗಿ ಹರಡಿಲ್ಲ. ಕೆಲವೆಡೆ ಅವು ಎಳೆಗಳಂತೆ ಸಾಲುಗೂಡಿವೆ, ಕೆಲವೆಡೆ ದಟ್ಟವಾಗಿ ಗುಂಪುಗೂಡಿವೆ. ನಡುವೆ ವಿಶಾಲವಾದ ಬರಿದುಪ್ರದೇಶಗಳಿವೆ. ಈ ವಿನ್ಯಾಸದಲ್ಲಿ ವಿಶ್ವದ ಚರಿತ್ರೆಯೇ ಅಡಗಿದೆ. ಆದರೆ ಗೆಲಾಕ್ಸಿಗಳ ಪಟ್ಟಿ ತಾನಾಗಿ ಏನನ್ನೂ ಹೇಳುವುದಿಲ್ಲ. ಅದನ್ನು ಓದುವ ಕ್ರಮವನ್ನು ಸಂಖ್ಯಾಶಾಸ್ತ್ರವೇ ಒದಗಿಸಬೇಕು.

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ದ್ವಿಬಿಂದು ಸಹಸಂಬಂಧ. ನಿರ್ದಿಷ್ಟ ಅಂತರದಲ್ಲಿ ಎರಡು ಗೆಲಾಕ್ಸಿಗಳು ದೊರೆಯುವ ಸಂಭವವು ಯಾದೃಚ್ಛಿಕ ಹಂಚಿಕೆಗಿಂತ ಎಷ್ಟು ಹೆಚ್ಚು ಎಂಬುದನ್ನು ಇದು ಅಳೆಯುತ್ತದೆ. ೧೯೭೦ರ ದಶಕದಲ್ಲಿ ಇದನ್ನು ವ್ಯವಸ್ಥಿತವಾಗಿ ಬೆಳೆಸಿದವರಲ್ಲಿ ಜೇಮ್ಸ್ ಪೀಬಲ್ಸ್ ಪ್ರಮುಖರು. ೨೦೦೫ರಲ್ಲಿ ಸ್ಲೋನ್ ಸಮೀಕ್ಷೆಯ ೪೬,೭೪೮ ಕೆಂಪು ಗೆಲಾಕ್ಸಿಗಳನ್ನು ಹೀಗೆ ಪರಿಶೀಲಿಸಿದಾಗ, ಸುಮಾರು ೫೦ ಕೋಟಿ ಜ್ಯೋತಿರ್ವರ್ಷಗಳ ಅಂತರದಲ್ಲಿ ಸಣ್ಣದೊಂದು ಉಬ್ಬು ಕಂಡುಬಂದಿತು. ಆದಿವಿಶ್ವದ ಬಿಸಿ ಪ್ಲಾಸ್ಮಾದಲ್ಲಿ ಸಂಚರಿಸಿದ ಶಬ್ದತರಂಗಗಳು ಉಳಿಸಿಹೋದ ಗುರುತು ಅದು. ಅದರ ನಿಜವಾದ ಉದ್ದ ಗೊತ್ತಿರುವುದರಿಂದ ವಿಶ್ವದ ವಿಸ್ತರಣೆಯನ್ನು ಅಳೆಯಲು ಅದೊಂದು ಅಳತೆಗೋಲಾಯಿತು.

ಆದಿವಿಶ್ವದ ಸಾಂದ್ರತೆಯ ಏರಿಳಿತಗಳು ಬಹುಮಟ್ಟಿಗೆ ಗೌಸಿಯನ್ ಸ್ವರೂಪದವು. ಅಂತಹ ಏರಿಳಿತಗಳ ಮಟ್ಟಿಗೆ ಜೋಡಿಗಳ ಎಣಿಕೆಯಲ್ಲೇ ಮಾಹಿತಿಯೆಲ್ಲ ಅಡಕವಾಗಿರುತ್ತದೆ. ಅನಂತರ ಗುರುತ್ವವು ದಟ್ಟ ಭಾಗಗಳನ್ನು ಇನ್ನಷ್ಟು ದಟ್ಟವಾಗಿಸಿ, ಬರಿದು ಭಾಗಗಳನ್ನು ಇನ್ನಷ್ಟು ಬರಿದಾಗಿಸಿತು; ಮಾಹಿತಿಯ ಒಂದು ಪಾಲು ಜೋಡಿಗಳಿಂದ ಜಾರಿಹೋಯಿತು. ಪದ್ಯವೊಂದರ ಅಕ್ಷರಜೋಡಿಗಳನ್ನಷ್ಟೇ ಎಣಿಸಿದರೆ ಭಾಷೆಯ ಗುರುತು ಸಿಕ್ಕೀತು, ಪದ್ಯದ ಅರ್ಥ ಸಿಗದು. ಇಲ್ಲಿನ ಸ್ಥಿತಿಯೂ ಅಂಥದೇ.

ಜಾರಿಹೋದುದನ್ನು ಮರಳಿ ಪಡೆಯಲು ಹಲವು ದಾರಿಗಳಿವೆ. ಮೂರು ಗೆಲಾಕ್ಸಿಗಳು ರಚಿಸುವ ತ್ರಿಕೋನಗಳನ್ನು ಅಳೆಯುವ ತ್ರಿಬಿಂದು ವಿಧಾನ ಮೊದಲನೆಯದು. ಗೆಲಾಕ್ಸಿಗಳು ಕೃಷ್ಣದ್ರವ್ಯದ ಹಂಚಿಕೆಯನ್ನು ಯಥಾವತ್ತಾಗಿ ಅನುಸರಿಸುವುದಿಲ್ಲ. ಈ ವ್ಯತ್ಯಾಸವನ್ನೂ ದ್ರವ್ಯದ ಏರಿಳಿತದ ಪ್ರಮಾಣವನ್ನೂ ಜೋಡಿಗಳಿಂದ ಬೇರ್ಪಡಿಸುವುದು ಕಷ್ಟ, ತ್ರಿಕೋನಗಳು ಬೇರ್ಪಡಿಸಬಲ್ಲವು. ಬರಿದುಪ್ರದೇಶಗಳ ಗಾತ್ರ ಮತ್ತು ಆಕಾರಗಳ ಅಧ್ಯಯನ ಎರಡನೆಯದು. ೨೦೦೭ರಲ್ಲಿ ಸೂಚಿತವಾದ ಪುನಾರಚನೆ ಮೂರನೆಯದು: ಗುರುತ್ವದಿಂದಾದ ಸ್ಥಾನಪಲ್ಲಟವನ್ನು ಅಂದಾಜಿಸಿ, ಗೆಲಾಕ್ಸಿಗಳನ್ನು ಗಣಿತದ ಮೂಲಕ ಹಿಂದಕ್ಕೆ ಸರಿಸಿದರೆ ಮಸುಕಾದ ಉಬ್ಬು ಮತ್ತೆ ಚೂಪಾಗುತ್ತದೆ.

ಈ ವಿಧಾನಗಳ ಬೆಲೆ ಈಗ ಸ್ಪಷ್ಟವಾಗುತ್ತಿದೆ. ಅರಿಜೋನದ ಕಿಟ್ ಪೀಕ್‌ನಲ್ಲಿ ೫,೦೦೦ ಫೈಬರುಗಳ ಡೆಸಿ ಉಪಕರಣವು ೨೦೨೧ರಲ್ಲಿ ಸಮೀಕ್ಷೆ ಆರಂಭಿಸಿತು. ಪುನಾರಚನೆಯನ್ನೂ ಬಳಸಿಕೊಂಡ ಅದರ ೨೦೨೫ರ ಫಲಿತಾಂಶಗಳು ೧.೪ ಕೋಟಿಗೂ ಮೀರಿದ ಗೆಲಾಕ್ಸಿ ಮತ್ತು ಕ್ವೇಸಾರುಗಳನ್ನು ಆಧರಿಸಿವೆ. ಇತರ ವೀಕ್ಷಣೆಗಳೊಡನೆ ಸೇರಿಸಿ ನೋಡಿದಾಗ, ಕೃಷ್ಣಶಕ್ತಿಯು ಕಾಲದೊಡನೆ ಬದಲಾಗುತ್ತಿರಬಹುದೆಂಬ ಸೂಚನೆ ಅವುಗಳಲ್ಲಿದೆ. ಆದರೆ ಆ ಸೂಚನೆ ಆವಿಷ್ಕಾರಕ್ಕೆ ರೂಢಿಯಲ್ಲಿರುವ ಐದು ಸಿಗ್ಮಾ ಮಟ್ಟವನ್ನು ಮುಟ್ಟಲಿಲ್ಲ. ಕೃಷ್ಣಶಕ್ತಿ ಸ್ಥಿರವೋ ಚರವೋ ಎಂಬ ಪ್ರಶ್ನೆಯ ನಿರ್ಣಯವು ಗೆಲಾಕ್ಸಿಗಳ ಸಂಖ್ಯೆಯನ್ನು ಅವಲಂಬಿಸಿರುವಷ್ಟೇ ಅವನ್ನು ಓದುವ ಕ್ರಮವನ್ನೂ ಅವಲಂಬಿಸಿದೆ.